ಚಿತ್ರಗಳ ಸ್ಥಳಾಂತರವೂ ಪಟ್ಟಿಯ ಸಂಬಂಧವೂ

ಪೋಷಕರೂ ಹಳೆಯ ವಿದ್ಯಾರ್ಥಿನಿಯರೂ ಈಗ ತಮ್ಮ ಮನೆಗಳಲ್ಲಿ ಸಾವಿರಗಟ್ಟಲೆ ಛಾಯಾಚಿತ್ರಗಳನ್ನು ಗಣಕಯಂತ್ರದಲ್ಲಿ ಕೂಡಿಟ್ಟಿರುವರು. ಹಳೆಯ ಡಿಸ್ಕು ತುಂಬಿದೊಡನೆ ಅವನ್ನು ದೊಡ್ಡದಾದ ಬೇರೊಂದು ಡ್ರೈವಿಗೆ ಸಾಗಿಸುವುದು ಸರ್ವಸಾಮಾನ್ಯ. ಹಾಗೆ ಸಾಗಿಸಿದ ಬಳಿಕ ಚಿತ್ರಗಳೆಲ್ಲ ಕಾಣೆಯಾದವೆಂದು ಗಾಬರಿಗೊಂಡು, ಹಳೆಯ ಪಟ್ಟಿಯನ್ನು ಅಳಿಸಿ, ಎಲ್ಲವನ್ನೂ ಹೊಸದಾಗಿ ಸೇರಿಸಿಕೊಳ್ಳುವವರುಂಟು. ಇದು ಸಲ್ಲದೆಂಬುದೇ ನಮ್ಮ ಅಭಿಪ್ರಾಯ.

2007ನೆಯ ಇಸವಿಯಲ್ಲಿ ಹೊರಬಂದ ಅಡೋಬಿ ಲೈಟ್‌ರೂಮ್ ಎಂಬ ತಂತ್ರಾಂಶವನ್ನು ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ಅದರ ಹಳೆಯ ರೀತಿಯ ಆವೃತ್ತಿಗೆ ಈಗ ಲೈಟ್‌ರೂಮ್ ಕ್ಲಾಸಿಕ್ ಎಂದು ಹೆಸರು. ಅದರ ಕ್ಯಾಟಲಾಗಿನೊಳಗೆ ಮೂಲ ಚಿತ್ರಗಳು ಇರುವುದಿಲ್ಲ. ಯಾವ ಚಿತ್ರವು ಯಾವ ಡ್ರೈವಿನ ಯಾವ ಫೋಲ್ಡರಿನಲ್ಲಿದೆಯೆಂಬ ವಿಳಾಸವೂ, ಅದನ್ನು ಕುರಿತು ನಾವು ಬರೆದ ಹೆಸರು, ವಿವರಣೆ, ತಿದ್ದುಪಡಿಗಳೂ ಇರುತ್ತವೆ. ಗ್ರಂಥಾಲಯದ ಪಟ್ಟಿಯನ್ನು ಬಲ್ಲವರಿಗೆ ಇದು ಹೊಸತಲ್ಲ. ಪುಸ್ತಕಗಳನ್ನು ಬೇರೆ ಕಪಾಟಿಗೆ ಸಾಗಿಸಿದರೆ ಪಟ್ಟಿಯು ತಾನಾಗಿ ತಿದ್ದಿಕೊಳ್ಳದು. ಕಪಾಟು ಬರಿದಾಯಿತೆಂದು ಪಟ್ಟಿಯನ್ನೇ ಹರಿದುಹಾಕುವ ಗ್ರಂಥಪಾಲಕಿಯನ್ನು ಯಾರು ಮೆಚ್ಚುವರು?

ಹರಿದುಹೋಗುವುದು ಏನೆಂಬುದನ್ನು ಆಲೋಚಿಸಬೇಕು. 'ಮೂರನೆಯ ಸಾಲಿನಲ್ಲಿ ಎಡದಿಂದ ಎರಡನೆಯವಳು ನಮ್ಮ ದೊಡ್ಡಮ್ಮ' ಎಂದು ಎಂಬತ್ತು ದಾಟಿದ ಅಜ್ಜಿಯೊಬ್ಬರು ಹೇಳಿ ಬರೆಯಿಸಿದ ಮಾತು ಎಷ್ಟೋ ವೇಳೆ ಚಿತ್ರದ ಫೈಲಿನಲ್ಲಿಲ್ಲ, ಕ್ಯಾಟಲಾಗಿನಲ್ಲಿ ಮಾತ್ರವೇ ಇದೆ. ಚಿತ್ರವನ್ನು ಎಷ್ಟು ಸಾರಿಯಾದರೂ ಸೇರಿಸಿಕೊಳ್ಳಬಹುದು. ಆ ಮಾತನ್ನು ಮತ್ತೊಮ್ಮೆ ಕೇಳುವ ಅವಕಾಶವು ದೊರೆಯುವುದೆಂಬ ಭರವಸೆ ಯಾರಿಗುಂಟು?

ಪರಿಹಾರವು ಸುಲಭವಾದುದು. ಫೋಲ್ಡರಿನ ಮೇಲೆ ಪ್ರಶ್ನಾರ್ಥಕ ಚಿಹ್ನೆ ಕಂಡರೆ, ಮೌಸಿನ ಬಲಗುಂಡಿಯನ್ನು ಒತ್ತಿ, 'ಫೈಂಡ್ ಮಿಸ್ಸಿಂಗ್ ಫೋಲ್ಡರ್' ಎಂಬುದನ್ನು ಆರಿಸಿ, ಹೊಸ ಸ್ಥಳವನ್ನು ತೋರಿಸಬೇಕು. ಎಲ್ಲಕ್ಕೂ ಮೇಲಿನ ಫೋಲ್ಡರನ್ನು ತೋರಿಸಿದರೆ ಒಳಗಿನವೆಲ್ಲ ಅದರೊಡನೆ ಕೂಡಿಕೊಳ್ಳುವುವು. ಆದರೆ ಒಳಗಿನ ಹೆಸರುಗಳನ್ನೂ ವ್ಯವಸ್ಥೆಯನ್ನೂ ಸಾಗಿಸುವಾಗ ಬದಲಿಸಿರಬಾರದು. 'ಹೇಗೂ ಸಾಗಿಸುತ್ತೇವೆ, ಅಚ್ಚುಕಟ್ಟನ್ನೂ ಮಾಡಿಬಿಡೋಣ' ಎಂಬ ಉತ್ಸಾಹವೇ ಬಹುಮಟ್ಟಿಗೆ ಈ ತೊಡಕಿನ ತಾಯಿ. ವಿಂಡೋಸ್ ಯಂತ್ರಗಳಲ್ಲಿ ಡ್ರೈವಿನ ಅಕ್ಷರವಷ್ಟೇ ಬದಲಾಗಿದ್ದರೆ, ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಹಳೆಯ ಅಕ್ಷರವನ್ನು ಮರಳಿ ಕೊಟ್ಟರೆ ಸಾಕಾಗುವುದುಂಟು. ಕಾಣೆಯಾದ ಚಿತ್ರಗಳನ್ನು ಪಟ್ಟಿಯಿಂದ ತೆಗೆದುಹಾಕಲೇ ಎಂದು ತಂತ್ರಾಂಶವು ಕೇಳುವಲ್ಲಿ ಮಾತ್ರ ಎಂದಿಗೂ ಒಪ್ಪಬಾರದು.

ಯಂತ್ರವೇ ಚಿತ್ರಗಳನ್ನು ಹುಡುಕಿಕೊಳ್ಳಬಾರದೇಕೆ ಎಂದು ಕೆಲವರು ಕೇಳುವರು. ಡಿಜಿಕ್ಯಾಮ್ ಎಂಬ ಉಚಿತ ತಂತ್ರಾಂಶವು ಡ್ರೈವಿನ ಗುರುತನ್ನೇ ಬರೆದಿಟ್ಟುಕೊಳ್ಳಬಲ್ಲದು. ಆದರೂ ಹೊಸ ಡ್ರೈವಿನ ಗುರುತು ಬೇರೆಯಾದುದರಿಂದ ಅಲ್ಲಿಯೂ ಹೇಳಿಕೊಡುವ ಮನುಷ್ಯರು ಬೇಕು.

ನಮ್ಮ ಇನ್ನೊಂದು ಆಗ್ರಹವುಂಟು. ಹೆಸರು ವಿವರಣೆಗಳನ್ನು ಕ್ಯಾಟಲಾಗಿನೊಂದಿಗೆ ಫೈಲುಗಳಲ್ಲಿಯೂ ಬರೆಯಿಸಿಡಬೇಕು. ಜೆಪೆಗ್ ಚಿತ್ರಗಳಾದರೆ ಅವು ಫೈಲಿನೊಳಗೇ ಸೇರುವುವು. ಕ್ಯಾಮೆರಾದ ಕಚ್ಚಾ ಫೈಲುಗಳಾದರೆ ಸಾಮಾನ್ಯವಾಗಿ ಪಕ್ಕದಲ್ಲಿ ಎಕ್ಸ್‌ಎಂಪಿ ಎಂಬ ಚಿಕ್ಕ ಫೈಲು ಹುಟ್ಟುವುದು, ಅದನ್ನೂ ಜೊತೆಗೆ ಒಯ್ಯಬೇಕು. ಚಿತ್ರಗಳನ್ನು ವಿಂಗಡಿಸಿದ ಸಂಗ್ರಹಗಳು ಹಾಗೆ ಬರೆಯಲ್ಪಡುವುದಿಲ್ಲವಾದುದರಿಂದ ಕ್ಯಾಟಲಾಗಿನ ಪ್ರತಿಯೊಂದನ್ನು ಬೇರೆಡೆ ಇಡುವುದೂ ಅವಶ್ಯ. ಹಳೆಯ ಡ್ರೈವನ್ನು ಅಳಿಸುವ ಮೊದಲು, ಹೊಸದರಲ್ಲಿ ಒಂದೊಂದು ವರ್ಷದ ನಾಲ್ಕಾರು ಚಿತ್ರಗಳನ್ನಾದರೂ ತೆರೆದು, ಅವುಗಳ ಹೆಸರುಗಳು ಜೊತೆಯಲ್ಲಿವೆಯೇ ಎಂದು ನೋಡಿಕೊಳ್ಳಬೇಕು.