ಅಜ್ಜಿಯ ಟಿಕೆಟ್ಟಿಗೆ ಸೊನ್ನೆ ರೂಪಾಯಿ

ತಿಪಟೂರು ಕಡೆಯ ಒಂದು ಮನೆ. ಬೇಸಿಗೆ ರಜೆಯಲ್ಲಿ ಮೂರು ದಿನ ಬೆಂಗಳೂರು ನೋಡಿಬರುವುದೆಂದು ತೀರ್ಮಾನವಾಗಿತ್ತು. ಹೊರಡುವವರು ಐದು ಮಂದಿ: ಅಪ್ಪ, ಅಮ್ಮ, ಒಂಬತ್ತನೇ ತರಗತಿ ಮುಗಿಸಿದ ಮಗಳು, ಹತ್ತು ವರ್ಷದ ಮಗ ಮತ್ತು ಅಜ್ಜಿ. ರಾಜಾಜಿನಗರದಲ್ಲಿ ಅಮ್ಮನ ತಮ್ಮನ ಮನೆ ಇದ್ದುದರಿಂದ ಊಟ, ವಸತಿಯ ಚಿಂತೆ ಇರಲಿಲ್ಲ. ಊರೊಳಗಿನ ಓಡಾಟಕ್ಕೆಂದು ಅಪ್ಪ ಎರಡು ಸಾವಿರ ರೂಪಾಯಿ ತೆಗೆದಿರಿಸಿದ್ದರು. ಅವರು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವರು; ಎರಡು ಸಾವಿರವೆಂದರೆ ಎರಡು ಸಾವಿರವೇ.

ಬೆಂಗಳೂರಿಗೆ ಹೋಗಿಬಂದಿದ್ದ ಪಕ್ಕದ ಮನೆಯವರು ಒಂದು ಉಪಾಯ ಹೇಳಿದರು. "ಮೆಟ್ರೊದ ಮೂರು ದಿನದ ಪಾಸು ತಗೊಂಡುಬಿಡಿ. ಎಷ್ಟು ಸಲ ಬೇಕಾದ್ರೂ ಹತ್ತಬಹುದು, ಎಲ್ಲಿ ಬೇಕಾದ್ರೂ ಇಳೀಬಹುದು. ತಲೆನೋವೇ ಇಲ್ಲ."

ಅಪ್ಪ ವಿಚಾರಿಸಿದರು. ಪಾಸು ಒಬ್ಬರಿಗೆ 550 ರೂಪಾಯಿ. ಐದು ಜನಕ್ಕೆ 2,750. ಅವರ ಮುಖ ಸಪ್ಪಗಾಯಿತು. ಒಲೆಯ ಮುಂದೆ ಕುಳಿತಿದ್ದ ಅಜ್ಜಿ ಅದನ್ನು ನೋಡಿದರು.

"ನನಗ್ಯಾಕಪ್ಪ ಬೆಂಗಳೂರು? ಮಂಡಿ ನೋವು ಬೇರೆ. ನೀವು ಹೋಗ್ಬನ್ನಿ, ನಾನು ಹಸು ನೋಡ್ಕೊಂಡು ಇರ್ತೀನಿ."

ಮದುವೆಯಾದ ಹೊಸದರಲ್ಲಿ ನೋಡಿದ್ದ ಲಾಲ್‌ಬಾಗನ್ನು ಇನ್ನೊಮ್ಮೆ ನೋಡಬೇಕೆಂದು ಹಿಂದಿನ ವಾರವಷ್ಟೇ ಹೇಳಿದ್ದವರು ಇದೇ ಅಜ್ಜಿ. ಅಪ್ಪ ಮಾತನಾಡಲಿಲ್ಲ. ಒಬ್ಬರನ್ನು ಬಿಟ್ಟರೆ 2,200 ಆಗುತ್ತದೆ ಎಂದು ಅವರ ಮನಸ್ಸು ಆಗಲೇ ಕೂಡಿ ಕಳೆದು ಮುಗಿಸಿತ್ತು. ಮಗಳು ಮಾತ್ರ ಹಳೆಯ ನೋಟ್‌ಬುಕ್ಕಿನ ಕೊನೆಯ ಹಾಳೆ ತೆರೆದಳು.

ಪ್ರವಾಸಕ್ಕೆ ಹೊರಡುವ ಬಹುಪಾಲು ಕುಟುಂಬಗಳು ಎಡವುವುದು ಇಲ್ಲೇ. ಯಾವ ಟಿಕೆಟ್ ಕೊಳ್ಳಬೇಕು ಎಂದು ಮೊದಲು ಯೋಚಿಸುತ್ತಾರೆ, ಎಲ್ಲಿಗೆ ಹೋಗಬೇಕು ಎಂದು ಆಮೇಲೆ. ಪಾಸು ಎಂಬುದು ತನ್ನಷ್ಟಕ್ಕೆ ಅಗ್ಗವೂ ಅಲ್ಲ, ದುಬಾರಿಯೂ ಅಲ್ಲ. ಎಷ್ಟು ಸಲ ಪ್ರಯಾಣ ಮಾಡುತ್ತೀರಿ ಎಂಬುದನ್ನು ಬಿಟ್ಟು ಅದರ ಬೆಲೆಗೆ ಅರ್ಥವಿಲ್ಲ. ಒಂಬತ್ತನೇ ತರಗತಿಯ ಗಣಿತದಲ್ಲಿ ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣಗಳಿವೆಯಷ್ಟೆ. ಅಡ್ಡ ಅಕ್ಷದಲ್ಲಿ ಪ್ರಯಾಣಗಳ ಸಂಖ್ಯೆ, ಲಂಬ ಅಕ್ಷದಲ್ಲಿ ರೂಪಾಯಿ. ಬಿಡಿ ಟಿಕೆಟ್ಟಿನ ರೇಖೆ ಸೊನ್ನೆಯಿಂದ ಹೊರಟು ಏರುತ್ತಾ ಹೋಗುತ್ತದೆ. ಪಾಸಿನದು ಮಲಗಿದ ರೇಖೆ. ಅವೆರಡೂ ಸಂಧಿಸುವ ಬಿಂದುವಿನ ಆಚೆ ಪಾಸು ಲಾಭ, ಈಚೆ ನಷ್ಟ.

2025ರ ಫೆಬ್ರವರಿಯಲ್ಲಿ ನಮ್ಮ ಮೆಟ್ರೊ ದರ ಪರಿಷ್ಕರಣೆಯಾದಾಗ ಕನಿಷ್ಠ ದರ 10 ರೂಪಾಯಿ, ಗರಿಷ್ಠ ದರ 90 ರೂಪಾಯಿ ಎಂದಾಯಿತು. ಊರ ನಡುವೆ ಐದಾರು ಕಿಲೋಮೀಟರ್ ಓಡಾಡುವ ಪ್ರವಾಸಿಗೆ ಒಂದು ಸಲಕ್ಕೆ 30 ರೂಪಾಯಿ ಎಂದು ಮಗಳು ಅಂದಾಜು ಮಾಡಿಕೊಂಡಳು. (ನಿಜವಾದ ದರ ನಿಲ್ದಾಣದಿಂದ ನಿಲ್ದಾಣಕ್ಕೆ ಬದಲಾಗುತ್ತದೆ. ದರಗಳೂ ಆಗಾಗ ಏರುತ್ತವೆ. ಹೊರಡುವ ಮುನ್ನ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.) 550ನ್ನು 30ರಿಂದ ಭಾಗಿಸಿದರೆ ಹದಿನೆಂಟು ಚಿಲ್ಲರೆ. ಅಂದರೆ ಹತ್ತೊಂಬತ್ತನೇ ಸಲ ಹತ್ತಿದಾಗಲೇ ಪಾಸಿನ ಲಾಭ ಶುರು. ಮೂರು ದಿನದಲ್ಲಿ ಹತ್ತೊಂಬತ್ತು ಸಲ! ಮಂಡಿನೋವಿನ ಅಜ್ಜಿಯ ಮಾತಿರಲಿ, ಹತ್ತು ವರ್ಷದ ಹುಡುಗನೂ ಸುಸ್ತಾದಾನು.

2026ರ ಜನವರಿಯಲ್ಲಿ ಮೊಬೈಲಿನಲ್ಲಿ ಪಡೆಯುವ ಈ ಪಾಸುಗಳು ಬಂದಾಗ ಒಂದು ದಿನದ್ದಕ್ಕೆ 250, ಮೂರು ದಿನದ್ದಕ್ಕೆ 550, ಐದು ದಿನದ್ದಕ್ಕೆ 850 ರೂಪಾಯಿ ಎಂದು ಗೊತ್ತುಮಾಡಿದ್ದರು. ಇವು ಯಾರಿಗೂ ಬೇಡದವು ಎಂದೇನೂ ಅಲ್ಲ. ನೇರಳೆ ಮಾರ್ಗದ ತುದಿಯಲ್ಲಿರುವ ವೈಟ್‌ಫೀಲ್ಡಿನಲ್ಲಿ ನೆಂಟರ ಮನೆ ಇದ್ದು, ದಿನವೂ ಊರಿನ ಇನ್ನೊಂದು ತುದಿಗೆ ಓಡಾಡುವುದಿದ್ದರೆ ಲೆಕ್ಕ ತಿರುಗುಮುರುಗಾಗುತ್ತದೆ. 90 ರೂಪಾಯಿಯ ಪ್ರಯಾಣ ಏಳು ಸಲವಾದರೆ ಮೂರು ದಿನದ ಪಾಸಿನ ಹಣ ಹುಟ್ಟಿತು. ಪಕ್ಕದ ಮನೆಯವರು ಉಳಿದದ್ದು ಎಲ್ಲಿ ಎಂದು ಕೇಳಿದಾಗ ತಿಳಿದದ್ದೂ ಅದೇ, ವೈಟ್‌ಫೀಲ್ಡ್! ಅವರು ಹೇಳಿದ್ದು ಸುಳ್ಳಲ್ಲ. ಅವರ ಬಿಂದು ಬೇರೆ, ಇವರ ಬಿಂದು ಬೇರೆ.

ಹಾಗಿದ್ದರೆ ಸ್ಮಾರ್ಟ್ ಕಾರ್ಡ್? ಕಾರ್ಡಿನಲ್ಲಿ ಪ್ರಯಾಣಿಸಿದರೆ ದರದಲ್ಲಿ ಶೇಕಡ 5 ಕಡಿತ. ಜನಸಂದಣಿ ಇಲ್ಲದ ಹೊತ್ತಿನಲ್ಲಿ ಮತ್ತು ಭಾನುವಾರಗಳಲ್ಲಿ ಶೇಕಡ 10 ಎಂದು 2025ರ ಪರಿಷ್ಕರಣೆಯಲ್ಲಿ ಹೇಳಲಾಯಿತು. ಆದರೆ ಕಾರ್ಡಿಗೇ 50 ರೂಪಾಯಿ. ಶೇಕಡ 5ರ ಲೆಕ್ಕದಲ್ಲಿ ಆ 50 ವಾಪಸಾಗಬೇಕಾದರೆ ಸಾವಿರ ರೂಪಾಯಿಯಷ್ಟು ಪ್ರಯಾಣ ಮಾಡಬೇಕು. ಒಂದೇ ಕಾರ್ಡಿನಲ್ಲಿ ಐದು ಜನ ಒಟ್ಟಿಗೆ ಒಳಹೋಗುವಂತೆಯೂ ಇಲ್ಲ, ಒಬ್ಬೊಬ್ಬರಿಗೆ ಒಂದೊಂದು ಬೇಕು. ಬೆಂಗಳೂರಿನಲ್ಲೇ ಇದ್ದು ದಿನವೂ ಕೆಲಸಕ್ಕೆ ಹೋಗುವವರಿಗೆ ಕಾರ್ಡು ಸರಿ. ಮೂರು ದಿನದ ಅತಿಥಿಗೆ ಅದು ಬೇಡ. ಫೋನಿನಲ್ಲಿ ಒಂದೇ ಕ್ಯುಆರ್ ಟಿಕೆಟ್ಟಿನಲ್ಲಿ ಆರು ಮಂದಿಯವರೆಗೆ ಹೋಗುವ ವ್ಯವಸ್ಥೆ 2023ರ ನವೆಂಬರಿನಲ್ಲಿ ಬಂತು. ಅನುಕೂಲವೇ, ಆದರೆ ಐದು ಜನರ ಟಿಕೆಟ್ ಇರುವ ಫೋನಿನ ಬ್ಯಾಟರಿ ನಡುದಾರಿಯಲ್ಲಿ ಮುಗಿದರೆ ಇಳಿದ ನಿಲ್ದಾಣದಲ್ಲಿ ಫಜೀತಿ ಐದು ಜನಕ್ಕೂ.

ಇನ್ನು ಮಗಳು ನೋಟ್‌ಬುಕ್ಕಿನಲ್ಲಿ ಐದು ಕಾಲಂ ಎಳೆದಳು. ಅಸಲು ಲೆಕ್ಕ ಶುರುವಾದದ್ದು ಆಗ. ಕುಟುಂಬ ಎಂದರೆ ಒಂದು ಸಂಖ್ಯೆಯನ್ನು ಐದರಿಂದ ಗುಣಿಸುವುದಲ್ಲ, ಏಕೆಂದರೆ ಐವರಿಗೂ ಒಂದೇ ದರವಿಲ್ಲ.

ಮೆಟ್ರೊದಲ್ಲಿ ಅರ್ಧ ಟಿಕೆಟ್ ಎಂಬುದಿಲ್ಲ. ಅಲ್ಲಿ ನೋಡುವುದು ಮಗುವಿನ ವಯಸ್ಸನ್ನಲ್ಲ, ಎತ್ತರವನ್ನು. ದೊಡ್ಡವರ ಜೊತೆಗಿರುವ ಮೂರು ಅಡಿಯೊಳಗಿನ, ಅಂದರೆ ಸುಮಾರು 90 ಸೆಂಟಿಮೀಟರಿನೊಳಗಿನ ಮಗುವಿಗೆ ಟಿಕೆಟ್ ಬೇಡ. ಎರಡೂವರೆ ವರ್ಷದ ಹೊತ್ತಿಗೆ ಸಾಮಾನ್ಯವಾಗಿ ಮಕ್ಕಳು ಈ ಗೆರೆಯ ಆಸುಪಾಸಿಗೆ ಬಂದಿರುತ್ತಾರೆ. (ಬೆನ್ನುಮೂಳೆಗಳ ನಡುವಿನ ಮೃದುವಾದ ಬಿಲ್ಲೆಗಳು ದಿನವಿಡೀ ಭಾರ ಹೊತ್ತು ಒತ್ತಿಕೊಳ್ಳುವುದರಿಂದ ಬೆಳಿಗ್ಗೆಗಿಂತ ಸಂಜೆ ಮನುಷ್ಯನ ಎತ್ತರ ತುಸು ಕಡಿಮೆ ಇರುತ್ತದೆ. ಅದನ್ನು ನಂಬಿ ಟಿಕೆಟ್ ಉಳಿಸಲು ಹೋಗುವುದು ಬೇಡ!) ಹೀಗಾಗಿ ಹತ್ತು ವರ್ಷದ ತಮ್ಮನೂ ಮೆಟ್ರೊ ಪಾಲಿಗೆ ಪೂರ್ತಿ ಮನುಷ್ಯ. ಐದು ಜನ ಒಮ್ಮೆ ಹತ್ತಿದರೆ 150 ರೂಪಾಯಿ.

ಅದೇ ದೂರಕ್ಕೆ ಬಿಎಂಟಿಸಿಯ ಸಾಧಾರಣ ಬಸ್ಸು? 2025ರ ಜನವರಿಯಲ್ಲಿ ದರ ಏರಿದ ಮೇಲೆ ಅಪ್ಪನಿಗೆ 18 ರೂಪಾಯಿ. ತಮ್ಮನಿಗೆ ಅರ್ಧ. ಅಮ್ಮನಿಗೆ, ಅಕ್ಕನಿಗೆ, ಅಜ್ಜಿಗೆ? 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯ ಪ್ರಕಾರ ಕರ್ನಾಟಕದ ಹೆಣ್ಣುಮಕ್ಕಳಿಗೆ ಸಾಧಾರಣ ಬಸ್ಸುಗಳಲ್ಲಿ ಟಿಕೆಟ್ಟಿನ ಬೆಲೆ ಸೊನ್ನೆ. ಐದು ಜನರ ಒಂದು ಪ್ರಯಾಣಕ್ಕೆ 27 ರೂಪಾಯಿ ಮಾತ್ರ. ಮೆಟ್ರೊಗೂ ಬಸ್ಸಿಗೂ ಒಂದೇ ಸಲಕ್ಕೆ 123 ರೂಪಾಯಿ ವ್ಯತ್ಯಾಸ.

"ಅಪ್ಪಾ, ಅಜ್ಜಿ ಬಂದ್ರೂ ಬಸ್ಸಿಗೆ ಒಂದು ಪೈಸೆ ಜಾಸ್ತಿ ಆಗಲ್ಲ. ನೋಡಿ ಬೇಕಾದ್ರೆ, ಅಜ್ಜಿ ಕಾಲಂ ಪೂರ್ತಿ ಸೊನ್ನೆ."

ಅಪ್ಪ ಕನ್ನಡಕ ಹಾಕಿಕೊಂಡು ನೋಡಿದರು. ಅಜ್ಜಿ ಏನೂ ಹೇಳದೆ ಎದ್ದು ಒಳಗೆ ಹೋಗಿ ಟ್ರಂಕು ತೆರೆದ ಸದ್ದಾಯಿತು. ಹುಡುಕಿದ್ದು ಆಧಾರ್ ಕಾರ್ಡನ್ನು. ಅದು ಇರಲೇಬೇಕಾದದ್ದು. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ ಕಂಡಕ್ಟರಿಂದ ಶೂನ್ಯ ದರದ ಟಿಕೆಟ್ ಕೇಳಿ ಪಡೆಯಬೇಕು. ಉಚಿತವಾದ್ದರಿಂದ ಟಿಕೆಟ್ ಬೇಡವೆಂದು ಸುಮ್ಮನೆ ಕುಳಿತರೆ ತಪಾಸಣೆಯವರು ಬಂದಾಗ ತೊಂದರೆ. ಇನ್ನೊಂದು ಎಚ್ಚರಿಕೆ: ಹವಾನಿಯಂತ್ರಿತ ವಜ್ರ ಬಸ್ಸಿಗೂ ಮೆಟ್ರೊಗೂ ಈ ಯೋಜನೆ ಅನ್ವಯಿಸುವುದಿಲ್ಲ. ಅವಸರದಲ್ಲಿ ತಣ್ಣಗಿನ ಬಸ್ಸು ಹತ್ತಿದರೆ ಸೊನ್ನೆಗಳೆಲ್ಲ ಮಾಯ.

ಹಾಗೆಂದು ಎಲ್ಲವನ್ನೂ ಬಸ್ಸಿಗೇ ಬರೆಯಲಿಲ್ಲ ಮಗಳು. ಅವಳ ಜಾಣತನ ಕಾಣುವುದು ಇಲ್ಲಿ. ಉಳಿತಾಯವೊಂದೇ ಗುರಿಯಾದರೆ ಮನೆಯಲ್ಲೇ ಇರಬಹುದಿತ್ತು. ಮೊದಲ ದಿನ ಮಧ್ಯಾಹ್ನ ಊರಿಂದ ಬಂದು ಸುಸ್ತಾಗಿರುತ್ತದೆ, ಸಂಜೆ ಲಾಲ್‌ಬಾಗ್. ಬಸ್ಸಿನಲ್ಲಾದರೆ ಮೆಜೆಸ್ಟಿಕ್‌ನಲ್ಲಿ ಇಳಿದು ಜನಜಂಗುಳಿಯಲ್ಲಿ ಇನ್ನೊಂದು ಬಸ್ಸು ಹುಡುಕಬೇಕು. ಹಸಿರು ಮಾರ್ಗದ ಮೆಟ್ರೊ ರಾಜಾಜಿನಗರದಿಂದ ಲಾಲ್‌ಬಾಗಿಗೆ ನೇರ, ಇಳಿದು ಬದಲಾಯಿಸುವ ಗೋಜಿಲ್ಲ. ಮೆಟ್ಟಿಲು ಹತ್ತಲಾಗದವರಿಗೆ ಲಿಫ್ಟ್ ಉಂಟು. ಹೋಗಿಬರಲು 300 ರೂಪಾಯಿ. ಅದು ಅಜ್ಜಿಯ ಮಂಡಿಗಾಗಿ ಮಾಡುವ ಖರ್ಚು, ಆಗಲಿ. ಲಾಲ್‌ಬಾಗಿನ ಬಂಡೆಯ ಮೇಲೆ ಕುಳಿತಾಗ ಅದು ಸುಮಾರು 300 ಕೋಟಿ ವರ್ಷ ಹಳೆಯದು ಎಂದು ಅಜ್ಜಿಗೆ ಹೇಳುವುದನ್ನೂ ಅವಳು ಗುರುತು ಹಾಕಿಕೊಂಡಿದ್ದಳು.

ಎರಡನೇ ದಿನ ವಿಶ್ವೇಶ್ವರಯ್ಯ ಮ್ಯೂಸಿಯಂ ಮತ್ತು ಕಬ್ಬನ್ ಪಾರ್ಕು. ಬೆಳಿಗ್ಗೆ ಮೆಟ್ರೊ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಿ, ಕಬ್ಬನ್ ಪಾರ್ಕ್ ನಿಲ್ದಾಣದಿಂದ ನಡಿಗೆ: 150. ವಾಪಸು ಬರುವಾಗ ಅವಸರವಿಲ್ಲ. ಎರಡು ಬಸ್ಸು, ಅಪ್ಪನಿಗೆ 12ರಂತೆ, ತಮ್ಮನಿಗೆ 6ರಂತೆ, ಒಟ್ಟು 36.

ಮೂರನೇ ದಿನ ಬನ್ನೇರುಘಟ್ಟ. ಅದಕ್ಕೆ ಮೆಜೆಸ್ಟಿಕ್‌ನಿಂದ 365ನೇ ನಂಬರಿನ ಬಸ್ಸು. ಅಲ್ಲಿನ ಮೃಗಾಲಯಕ್ಕೆ ಮಂಗಳವಾರ ರಜೆಯಾದ್ದರಿಂದ ಮೂರನೇ ದಿನ ಮಂಗಳವಾರ ಬೀಳದಂತೆ ಮಗಳು ಹೊರಡುವ ದಿನವನ್ನೇ ಸರಿಸಿದ್ದಳು. ಅಂದು ಮಾತ್ರ ಅಪ್ಪನಿಗೆ ಸಾಧಾರಣ ಬಸ್ಸಿನ ದಿನದ ಪಾಸು, 80 ರೂಪಾಯಿ. ರಾಜಾಜಿನಗರದಿಂದ ಮೆಜೆಸ್ಟಿಕ್ಕಿಗೆ 12, ಅಲ್ಲಿಂದ ಮುಂದಕ್ಕೆ 28 ಎಂದುಕೊಂಡರೆ ಹೋಗಿಬರಲು ಸರಿಯಾಗಿ 80. ಲಾಭವಿಲ್ಲ, ನಷ್ಟವೂ ಇಲ್ಲ. ಆದರೆ ಚಿಲ್ಲರೆಗಾಗಿ ಕಂಡಕ್ಟರ್ ಜೊತೆ ವಾದ, ಟಿಕೆಟ್ಟಿನ ಹಿಂದೆ ಬರೆಸಿಕೊಂಡ ಬಾಕಿಯನ್ನು ಇಳಿಯುವಾಗ ಮರೆಯುವುದು, ಇವೆಲ್ಲ ತಪ್ಪುತ್ತವೆ. ತಮ್ಮನಿಗೆ ಅರ್ಧ ಟಿಕೆಟ್ಟುಗಳು, 40.

ಒಟ್ಟು 606 ರೂಪಾಯಿ. ಪಾಸಿನ 2,750ರಲ್ಲಿ ಕಾಲು ಭಾಗಕ್ಕೂ ಕಡಿಮೆ, ಅದೂ ಐದು ಜನಕ್ಕೆ. ಹಸುವನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಎಲ್ಲರೂ ಹೊರಟರು.

ರಾಜಾಜಿನಗರದ ನಿಲ್ದಾಣದಲ್ಲಿ ಐದು ಟೋಕನ್ ಕೊಂಡಾಗ ಅಜ್ಜಿ ತಮ್ಮದನ್ನು ತಿರುಗಿಸಿ ತಿರುಗಿಸಿ ನೋಡಿದರು. ಗೇಟಿಗೆ ತೋರಿಸಿದೊಡನೆ ಬಾಗಿಲು ತೆರೆಯಿತು. ಇದರೊಳಗೆ ಬ್ಯಾಟರಿ ಎಲ್ಲಿದೆ ಎಂದು ತಮ್ಮ ಕೇಳಿದ. ಬ್ಯಾಟರಿ ಇಲ್ಲ. ಟೋಕನ್ನಿನ ಪ್ಲಾಸ್ಟಿಕ್ಕಿನೊಳಗೆ ಸಣ್ಣ ತಂತಿಯ ಸುರುಳಿ, ಅದಕ್ಕೆ ಅಂಟಿದ ಕಾಳಿನಷ್ಟು ಚಿಪ್. ಗೇಟಿನಲ್ಲಿ ಇನ್ನೊಂದು ಸುರುಳಿ. ಅದರಲ್ಲಿ ಹರಿಯುವ ವಿದ್ಯುತ್ತು ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುತ್ತಿರುತ್ತದೆ. ಹಾಗಾಗಿ ಸುತ್ತಲಿನ ಕಾಂತಕ್ಷೇತ್ರವೂ ಬದಲಾಗುತ್ತದೆ. ಬದಲಾಗುವ ಕಾಂತಕ್ಷೇತ್ರದಲ್ಲಿ ಸುರುಳಿ ಇಟ್ಟರೆ ಅದರಲ್ಲಿ ವಿದ್ಯುತ್ತು ಹುಟ್ಟುತ್ತದೆ ಎಂದು ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿದ. ಆ ಚೂರು ವಿದ್ಯುತ್ತಿನಿಂದಲೇ ಚಿಪ್ ಎಚ್ಚರಗೊಂಡು ಗೇಟಿನೊಡನೆ ಮಾತನಾಡುತ್ತದೆ. ಎಲ್ಲಿ ಹತ್ತಿದಿರಿ ಎಂಬ ವಿವರ ಅದರಲ್ಲಿ ದಾಖಲಾಗುತ್ತದೆ. ಇಳಿಯುವಾಗ ಗೇಟಿನ ಕಿಂಡಿಗೆ ಟೋಕನ್ ಹಾಕಿದರೆ ಗೇಟು ಅದನ್ನು ಓದಿ ನುಂಗಿ, ಲೆಕ್ಕ ಸರಿಯಿದ್ದರೆ ಬಾಗಿಲು ತೆರೆಯುತ್ತದೆ.

ಮೂರನೇ ದಿನ ಸಂಜೆ ಏಳರ ಹೊತ್ತಿಗೆ ಬನ್ನೇರುಘಟ್ಟದ ಬಸ್ಸು ಮೆಜೆಸ್ಟಿಕ್ ತಲುಪಿತು. ತಮ್ಮ ಅಪ್ಪನ ಹೆಗಲ ಮೇಲೆ ನಿದ್ದೆಹೋಗಿದ್ದ. ರಾಜಾಜಿನಗರದ ಬಸ್ಸುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಪ್ಪ ಜೇಬಿನಲ್ಲಿದ್ದ ಪಾಸನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ದುಡ್ಡು ಕೊಟ್ಟಾಗಿದೆ, ಇನ್ನೊಂದು ಪ್ರಯಾಣ ಬಾಕಿ ಇದೆ. ಹೀಗೆ ಯೋಚಿಸಿಯೇ ಎಷ್ಟೋ ಮಂದಿ ರಾತ್ರಿಯಾದರೂ, ಮಕ್ಕಳು ಅತ್ತರೂ, ಪಾಸಿನ ಹಣ ವಸೂಲಿಗೆಂದು ಸುತ್ತುತ್ತಿರುತ್ತಾರೆ. ಕೊಟ್ಟ ಹಣ ಬಸ್ಸು ಹತ್ತಿದರೂ ಬಾರದು, ಹತ್ತದಿದ್ದರೂ ಬಾರದು. ಮುಂದಿನ ಅರ್ಧ ಗಂಟೆ ಅಜ್ಜಿ ನಿಂತು ಹೋಗಬೇಕೋ ಕುಳಿತು ಹೋಗಬೇಕೋ ಎಂಬುದಷ್ಟೇ ಅಲ್ಲಿದ್ದ ಪ್ರಶ್ನೆ.

"ನಡೀರಿ, ಮೆಟ್ರೊಗೆ ಹೋಗೋಣ" ಎಂದರು ಅಪ್ಪ.

ಹತ್ತಿರದ ದೂರಕ್ಕೆ ತಲಾ 20ರಂತೆ ನೂರು ರೂಪಾಯಿ. ತಮ್ಮನ ಬಸ್ಸಿನ 6 ರೂಪಾಯಿ ಉಳಿಯಿತು, ಅಪ್ಪನ ಪಾಸಿನಲ್ಲಿ 12 ರೂಪಾಯಿ ಮುಳುಗಿತು. ಮಗಳು ನಿಂತಲ್ಲೇ ನೋಟ್‌ಬುಕ್ ತೆಗೆದು 606ನ್ನು ಹೊಡೆದು 700 ಎಂದು ಬರೆದಳು. ಅಜ್ಜಿಯ ಕಾಲಮಿನಲ್ಲಿ ಅಂದಿನ ಸೊನ್ನೆಯ ಪಕ್ಕ ಒಂದು 20 ಬಂದು ಕುಳಿತಿತು.

ರಾಜಾಜಿನಗರದಲ್ಲಿ ಇಳಿದಾಗ ನಾಲ್ವರು ಗೇಟು ದಾಟಿ ಆಚೆ ನಿಂತರು. ಅಜ್ಜಿ ಮಾತ್ರ ಈಚೆಯೇ ಉಳಿದರು, ಟೋಕನ್ನನ್ನು ಮುಷ್ಟಿಯಲ್ಲಿ ಹಿಡಿದುಕೊಂಡು.

"ಅಜ್ಜೀ, ಕಿಂಡಿಗೆ ಹಾಕಿ."

"ಎಷ್ಟು ಚೆನ್ನಾಗೈತೆ ಬಿಲ್ಲೆ. ಇಪ್ಪತ್ತು ರೂಪಾಯಿ ಕೊಟ್ಟಿಲ್ವೇನೇ? ವಾಪಸ್ ಯಾಕ್ ಕೊಡ್ಬೇಕು?"