ಟಿಕೆಟ್ ಪರೀಕ್ಷೆಗೆ ಕೀ ಆನ್ಸರ್ ಬಿಡುವವರು ಯಾರು?

2024ರ ಏಪ್ರಿಲ್ 26ರಂದು ಮಂಡ್ಯ ಲೋಕಸಭಾ ಕ್ಷೇತ್ರದಲ್ಲಿ ಮತದಾನ ನಡೆಯಿತು. ಲೋಕಸಭೆಗೆ ನಾನು ಹಾಕಿದ ಮೊದಲ ಮತ ಅದು. ಅದಕ್ಕೂ ಮುನ್ನ ಎರಡು ತಿಂಗಳು ಮದ್ದೂರಿನ ಟೀ ಅಂಗಡಿಯಲ್ಲಿ, ಮಂಡ್ಯಕ್ಕೆ ಹೋಗುವ ರೈಲಿನಲ್ಲಿ, ಕಾಲೇಜಿನ ಕ್ಯಾಂಟೀನಿನಲ್ಲಿ ಕೇಳಿಬರುತ್ತಿದ್ದದ್ದು ಒಂದೇ ಪ್ರಶ್ನೆ: ಟಿಕೆಟ್ ಯಾರಿಗೆ? ಕೊನೆಗೆ ಅದು ತೀರ್ಮಾನವಾಯಿತು. ಬಿಜೆಪಿ ಬೆಂಬಲದೊಂದಿಗೆ ಜೆಡಿಎಸ್‌ನ ಎಚ್.ಡಿ. ಕುಮಾರಸ್ವಾಮಿ ಕಣಕ್ಕಿಳಿದರು. ಅವರ ಎದುರು ಕಾಂಗ್ರೆಸ್‌ನ ವೆಂಕಟರಮಣೇಗೌಡ, ಅಂದರೆ ಸ್ಟಾರ್ ಚಂದ್ರು. ಎಲ್ಲರೂ ‘ಗೆಲ್ಲೋರು ಯಾರು’ ಎಂಬ ಲೆಕ್ಕಾಚಾರಕ್ಕೆ ಇಳಿದರು. ನಾನು ಹಳೆಯ ಪ್ರಶ್ನೆಗೇ ಅಂಟಿಕೊಂಡಿದ್ದೇನೆ. ಏಕೆಂದರೆ ನಿಜವಾದ ಆಯ್ಕೆ ಮುಗಿದಿರುವುದು ಅಲ್ಲೇ.

ನಮ್ಮ ಬೀದಿಯ ಹಿರಿಯರೊಬ್ಬರು ಹೇಳಿದ ಮಾತು ತಲೆಯಲ್ಲೇ ಉಳಿದಿದೆ: ‘ನಾವು ಆರಿಸೋದು ಅವ್ರು ಆರಿಸಿದ ಮೇಲೆ ಕಣ್ಲಾ ಮಗ.’

ಆಕಾಂಕ್ಷಿಗಳನ್ನು ಒಬ್ಬೊಬ್ಬರಾಗಿ ನೋಡೋಣ. ಮೊದಲು ಆಗಿನ ಸಂಸದೆ ಸುಮಲತಾ ಅಂಬರೀಶ್. 2019ರಲ್ಲಿ ಅವರು ಕಾಂಗ್ರೆಸ್ ಟಿಕೆಟ್ ಕೇಳಿದರು. ಮೈತ್ರಿಯಲ್ಲಿ ಕ್ಷೇತ್ರ ಜೆಡಿಎಸ್ ಪಾಲಾಯಿತು. ಅವರು ಪಕ್ಷೇತರರಾಗಿ ನಿಂತು, ಬಿಜೆಪಿ ಬೆಂಬಲವನ್ನೂ ಪಡೆದು, ನಿಖಿಲ್ ಕುಮಾರಸ್ವಾಮಿ ವಿರುದ್ಧ 1,25,876 ಮತಗಳಿಂದ ಗೆದ್ದರು. 2024ರಲ್ಲಿ ಬಿಜೆಪಿ ಟಿಕೆಟ್ ಕೇಳಿದರು. ಮತ್ತೆ ಮೈತ್ರಿ, ಮತ್ತೆ ಕ್ಷೇತ್ರ ಜೆಡಿಎಸ್ ಪಾಲು. ಐದು ವರ್ಷದಲ್ಲಿ ಎರಡು ಬೇರೆ ಬೇರೆ ಮೈತ್ರಿ ಬಂದರೂ ಜಾಗ ಬಿಡಬೇಕಾದವರು ಮಾತ್ರ ಒಬ್ಬರೇ. ಮೊದಲ ಸಲ ಬಿಡಲಿಲ್ಲ, ಎರಡನೆಯ ಸಲ ಬಿಟ್ಟರು. ಏಪ್ರಿಲ್ 3ರಂದು ಮಂಡ್ಯದಲ್ಲೇ ಬೆಂಬಲಿಗರ ಸಭೆ ಕರೆದು ಸ್ಪರ್ಧಿಸುವುದಿಲ್ಲ ಎಂದು ತಿಳಿಸಿದರು. ತೀರ್ಮಾನವನ್ನು ಜನರೆದುರೇ ಹೇಳಿದ್ದು ಮೆಚ್ಚಬೇಕಾದ್ದು. ಆದರೆ ಗೆದ್ದ ಸಂಸದೆಯನ್ನೇ ಏಕೆ ಬದಿಗೆ ಸರಿಸಲಾಯಿತು ಎಂಬುದಕ್ಕೆ ‘ಮೈತ್ರಿ ಧರ್ಮ’ ಎಂಬ ಎರಡು ಪದ ಬಿಟ್ಟು ಬೇರೆ ಉತ್ತರ ನಮಗೆ ಸಿಗಲಿಲ್ಲ.

ಕುಮಾರಸ್ವಾಮಿಯವರದು ತೂಕದ ಹೆಸರು. ಎರಡು ಬಾರಿ ಮುಖ್ಯಮಂತ್ರಿಯಾದವರು, ಜಿಲ್ಲೆಯ ಹಳ್ಳಿಹಳ್ಳಿ ಬಲ್ಲವರು. ಆದರೆ ಆಗ ಅವರು ಚನ್ನಪಟ್ಟಣದ ಶಾಸಕರೂ ಆಗಿದ್ದರು. ಅಲ್ಲಿನ ಜನ ಅವರನ್ನು ಐದು ವರ್ಷಕ್ಕೆಂದು ಆರಿಸಿ ಇನ್ನೂ ಒಂದು ವರ್ಷವೂ ತುಂಬಿರಲಿಲ್ಲ. ಇಲ್ಲಿ ಗೆದ್ದರೆ ಅಲ್ಲಿ ಉಪಚುನಾವಣೆ ಎಂಬ ಸ್ಥಿತಿ ಇತ್ತು. ಮಂಡ್ಯವನ್ನು ತನ್ನ ಕೋಟೆ ಎನ್ನುವ ಪಕ್ಷ 2019ರಲ್ಲಿ ಮಗನನ್ನು ನಿಲ್ಲಿಸಿತು, 2024ರಲ್ಲಿ ತಂದೆಯನ್ನು. ಕೋಟೆಯೊಳಗೆ ದುಡಿದ ಕಾರ್ಯಕರ್ತರಲ್ಲಿ ಮೂರನೆಯವರು ಯಾರೂ ಕಾಣಲಿಲ್ಲವೇ?

ಇನ್ನು ಸ್ಟಾರ್ ಚಂದ್ರು. ನಾಗಮಂಗಲ ತಾಲ್ಲೂಕಿನವರು, ಗುತ್ತಿಗೆದಾರರು, ಚುನಾವಣೆಗೆ ಆಗ ಹೊಸಬರು. ಅವರು ಆಗ ಘೋಷಿಸಿದ್ದ ಆಸ್ತಿ 600 ಕೋಟಿ ರೂಪಾಯಿಗೂ ಹೆಚ್ಚು. ದುಡಿದು ಶ್ರೀಮಂತರಾಗುವುದು ತಪ್ಪಲ್ಲ. ಹೊಸಬರು ಬರಬೇಕು ಎಂದು ನಮ್ಮಂಥವರೇ ಕೇಳುತ್ತೇವೆ. ಆದರೆ ಈ ಲೋಕಸಭಾ ಕ್ಷೇತ್ರದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಆರನ್ನು 2023ರಲ್ಲಿ ಗೆದ್ದ ಪಕ್ಷವದು. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಅದರ ಕೈಯಲ್ಲಿದ್ದವು. ಅಷ್ಟು ಬಲವಿದ್ದೂ ಪಕ್ಷದ ಒಳಗೇ ಬೆಳೆದವರಿಗೆ ಟಿಕೆಟ್ ಸಿಗಲಿಲ್ಲ ಎಂದರೆ ಬೂತ್ ಮಟ್ಟದಲ್ಲಿ ಬಾವುಟ ಕಟ್ಟುವ ಹುಡುಗನಿಗೆ ಯಾವ ಸಂದೇಶ ಹೋಗುತ್ತದೆ?

ಈ ಮೂವರಲ್ಲಿ ಯಾರು ಒಳ್ಳೆಯವರು ಎಂಬುದು ನನ್ನ ವಾದವಲ್ಲ. ಅವರನ್ನು ಆರಿಸಿದ ಅಥವಾ ಬಿಟ್ಟ ಅಳತೆಗೋಲು ಯಾವುದು ಎಂಬುದಷ್ಟೇ ನನ್ನ ಪ್ರಶ್ನೆ. ಉದ್ಯೋಗಕ್ಕೆ ಅರ್ಜಿ ಹಾಕುವ ನಮಗೆ ಇದು ಬೇಗ ಅರ್ಥವಾಗುತ್ತದೆ. ಒಂದು ಎಫ್‌ಡಿಎ ಹುದ್ದೆಗೂ ಅಧಿಸೂಚನೆ ಇರುತ್ತದೆ, ಪಠ್ಯಕ್ರಮ ಇರುತ್ತದೆ. ಪರೀಕ್ಷೆಯಾದ ಮೇಲೆ ಕೀ ಆನ್ಸರ್, ಆಕ್ಷೇಪಣೆಗೆ ಅವಕಾಶ, ಕಟ್ ಆಫ್, ಆಯ್ಕೆಪಟ್ಟಿ. ಇಷ್ಟಿದ್ದೂ ಅಕ್ರಮ ನಡೆದರೆ ಬೀದಿಗಿಳಿಯುತ್ತೇವೆ. ಆದರೆ ಕಾನೂನು ಮಾಡುವ ಹುದ್ದೆಗೆ ನಡೆಯುವ ಮೊದಲ ಸುತ್ತಿನಲ್ಲಿ ಅರ್ಜಿ ಶುಲ್ಕ ಬಿಟ್ಟರೆ ಬೇರೇನೂ ಬಹಿರಂಗವಿಲ್ಲ. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಕೆಪಿಸಿಸಿ ಟಿಕೆಟ್ ಆಕಾಂಕ್ಷಿಗಳಿಂದ ಅರ್ಜಿಗೆ 5,000 ರೂಪಾಯಿ, ಜೊತೆಗೆ ಸಾಮಾನ್ಯ ವರ್ಗದವರಿಂದ 2 ಲಕ್ಷ, ಪರಿಶಿಷ್ಟರಿಂದ 1 ಲಕ್ಷದ ಡಿ.ಡಿ. ಪಡೆಯಿತು. ಟಿಕೆಟ್ ಸಿಗದವರಿಗೆ ‘ನಿಮಗೆ ಇಷ್ಟು ಅಂಕ ಕಡಿಮೆ’ ಎಂದು ಹೇಳಿದವರಿಲ್ಲ. ಅದೇ ಚುನಾವಣೆಯಲ್ಲಿ ಬಿಜೆಪಿಯಲ್ಲಿ ಟಿಕೆಟ್ ತಪ್ಪಿದ್ದು ಮಾಜಿ ಮುಖ್ಯಮಂತ್ರಿ ಜಗದೀಶ ಶೆಟ್ಟರ್ ಅವರಿಗೆ. ಅಂಥವರಿಗೇ ಒಪ್ಪುವಂಥ ಕಾರಣ ಸಿಗದಿದ್ದರೆ ಸಾಮಾನ್ಯ ಕಾರ್ಯಕರ್ತನ ಪಾಡೇನು?

ಅಮೆರಿಕದಲ್ಲಿ ಅಧ್ಯಕ್ಷ ಸ್ಥಾನಕ್ಕೆ ಪಕ್ಷದ ಅಭ್ಯರ್ಥಿ ಯಾರಾಗಬೇಕು ಎಂಬುದಕ್ಕೂ ರಾಜ್ಯ ರಾಜ್ಯದಲ್ಲಿ ಮತದಾನ ನಡೆಯುತ್ತದೆ. 2024ರ ಮಾರ್ಚ್ ತಿಂಗಳಲ್ಲಿ ಅಲ್ಲಿ ಟ್ರಂಪ್ ಮತ್ತು ಬೈಡನ್ ಇಬ್ಬರೂ ಹಾಗೆಯೇ ಬೇಕಾದಷ್ಟು ಬೆಂಬಲ ಗಳಿಸಿದರು. ಅಲ್ಲೂ ಹಣದ ಆಟ ಜೋರು, ಅದನ್ನು ಮರೆಮಾಚಬೇಕಿಲ್ಲ. ಆದರೆ ಸೋತ ನಿಕ್ಕಿ ಹ್ಯಾಲೆಗೆ ಎಷ್ಟು ಮತ ಬಂತು ಎಂಬುದು ಎಲ್ಲರ ಕಣ್ಣಿಗೆ ಬಿತ್ತು.

ನಮ್ಮಲ್ಲಿ ಇದು ಆಗದ ಕೆಲಸವೇನೂ ಅಲ್ಲ. 2014ರಲ್ಲಿ ಕಾಂಗ್ರೆಸ್ ದೇಶದ ಕೆಲವು ಕ್ಷೇತ್ರಗಳಲ್ಲಿ ಅಭ್ಯರ್ಥಿ ಆಯ್ಕೆಗೆ ಒಳಚುನಾವಣೆ ನಡೆಸಿತ್ತು. ಕರ್ನಾಟಕದಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ ಆ ಪಟ್ಟಿಯಲ್ಲಿದ್ದವು. ಮೊದಲನೆಯದರಲ್ಲಿ ಸಿ. ನಾರಾಯಣಸ್ವಾಮಿ, ಎರಡನೆಯದರಲ್ಲಿ ಜನಾರ್ದನ ಪೂಜಾರಿ ಆಯ್ಕೆಯಾದರು. ಮುಂದೆ ಚುನಾವಣೆಯಲ್ಲಿ ಇಬ್ಬರೂ ಸೋತರು. ಪ್ರಯೋಗವೂ ಅಲ್ಲಿಗೇ ನಿಂತಿತು. ಆ ವರ್ಷ ಕಾಂಗ್ರೆಸ್ ದೇಶದುದ್ದಕ್ಕೂ ಸೋತಿತ್ತು. ಹಾಗಿರುವಾಗ ತಪ್ಪನ್ನು ಒಳಚುನಾವಣೆಯ ತಲೆಗೆ ಕಟ್ಟುವುದು ಸರಿಯಲ್ಲ. ಒಂದು ಸೆಮಿಸ್ಟರ್ ಫೇಲಾದರೆ ಕಾಲೇಜು ಬಿಡುತ್ತೇವೆಯೇ?

ಒಳಚುನಾವಣೆ ದೊಡ್ಡ ಮಾತು ಎನ್ನುವುದಾದರೆ ಚಿಕ್ಕದೊಂದು ದಾರಿ ಇದೆ. ಕ್ರಿಮಿನಲ್ ಪ್ರಕರಣ ಇರುವವರಿಗೆ ಟಿಕೆಟ್ ಕೊಟ್ಟರೆ ಕಾರಣವನ್ನು ಪಕ್ಷ ಬಹಿರಂಗವಾಗಿ ಪ್ರಕಟಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ಆದೇಶಿಸಿತು. ಆ ಕಾರಣ ವಿದ್ಯಾರ್ಹತೆ, ಸಾಧನೆ, ಯೋಗ್ಯತೆಯನ್ನು ಕುರಿತದ್ದಾಗಿರಬೇಕು, ಬರೀ ‘ಗೆಲ್ಲುವ ಸಾಮರ್ಥ್ಯ’ ಸಾಲದು ಎಂದೂ ಹೇಳಿತು. ಇದನ್ನೇ ಎಲ್ಲ ಅಭ್ಯರ್ಥಿಗಳಿಗೂ ಅನ್ವಯಿಸಿದರೆ ಏನು ಕಷ್ಟ? ಒಂದೇ ಒಂದು ಪುಟ: ಯಾರು ಯಾರು ಟಿಕೆಟ್ ಕೇಳಿದ್ದರು, ಇವರನ್ನೇ ಏಕೆ ಆರಿಸಿದೆವು.

‘ಇದೆಲ್ಲ ಏಕೆ? ಟಿಕೆಟ್ ಸಿಗದಿದ್ದರೆ ಪಕ್ಷೇತರರಾಗಿ ನಿಲ್ಲಲಿ’ ಎನ್ನುವ ಗೆಳೆಯರಿದ್ದಾರೆ. ಅದಕ್ಕೆ ನಮ್ಮ ಜಿಲ್ಲೆಯಲ್ಲೇ ಸಾಕ್ಷಿಗಳಿವೆ ನಿಜ. 1962ರಲ್ಲಿ ಮದ್ದೂರಿನಿಂದ ಎಸ್.ಎಂ. ಕೃಷ್ಣ ಪಕ್ಷೇತರರಾಗಿ ಗೆದ್ದಾಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. 2008ರಲ್ಲಿ ಮಳವಳ್ಳಿಯಿಂದ ಪಿ.ಎಂ. ನರೇಂದ್ರಸ್ವಾಮಿ ಪಕ್ಷೇತರರಾಗಿ ಗೆದ್ದು ಸಚಿವರೂ ಆದರು. 2019ರಲ್ಲಿ ಮಂಡ್ಯ ಮಾಡಿದ್ದನ್ನು ದೇಶವೇ ನೋಡಿತು. ಹೈಕಮಾಂಡ್ ಮಾತೇ ಕೊನೆಯಲ್ಲ ಎಂದು ನಮ್ಮ ಮತದಾರರು ಮತ್ತೆ ಮತ್ತೆ ತೋರಿಸಿದ್ದಾರೆ. ಆದರೆ ಚಿಹ್ನೆಯಿಲ್ಲದೆ ನಿಲ್ಲಲು ಹೆಸರೋ ಹಣವೋ ಮೊದಲೇ ಇರಬೇಕು. ಎರಡೂ ಇಲ್ಲದ ರೈತನ ಮಗಳಿಗೆ, ಗಾರ್ಮೆಂಟ್ಸ್‌ಗೆ ಹೋಗುವ ತಾಯಿಯ ಮಗನಿಗೆ ಪಕ್ಷವೇ ಬಾಗಿಲು. ಅದಕ್ಕೇ ಆ ಬಾಗಿಲು ಹೇಗೆ ತೆರೆಯುತ್ತದೆ ಎಂಬುದು ನಮಗೆ ಗೊತ್ತಿರಬೇಕು.

ಟಿಕೆಟ್ ಕೊಡುವ ಮಾನದಂಡ ಬದಲಾದರೆ ಪ್ರಚಾರದ ಮಾತೂ ಬದಲಾಗುತ್ತದೆ. ಮಳವಳ್ಳಿಯ ನನ್ನ ಸಹಪಾಠಿಗೆ ಊರಲ್ಲಿ ರೈಲೇ ಇಲ್ಲ. ಅಲ್ಲಿಗೆ ಹಾಯಬೇಕಾದ ಹೆಜ್ಜಾಲ–ಚಾಮರಾಜನಗರ ಮಾರ್ಗ ದಶಕಗಳಿಂದ ಕಾಗದದ ಮೇಲೇ ಓಡುತ್ತಿದೆ. 1933ರಲ್ಲಿ ಶುರುವಾದ ಮೈಷುಗರ್ ಕಾರ್ಖಾನೆ ಒಂದು ವರ್ಷ ಅರೆದರೆ ಇನ್ನೊಂದು ವರ್ಷದ ಖಾತ್ರಿಯಿಲ್ಲ. 2023ರ ಬರ, ಕಾವೇರಿ ಚಳವಳಿ ಎರಡೂ ಇನ್ನೂ ಮಾಸಿಲ್ಲ. ಬಿ.ಇ. ಮುಗಿಸಿದವರು ಬೆಂಗಳೂರಿನ ಬಸ್ಸು ಹತ್ತದೆ ಇಲ್ಲೇ ಕೆಲಸ ಮಾಡುವಂತಾಗುವುದು ಯಾವಾಗ? ‘ಇವರನ್ನೇ ಏಕೆ ಆರಿಸಿದೆವು’ ಎಂಬ ಪುಟದಲ್ಲಿ ಇವುಗಳ ಬಗ್ಗೆ ಆ ವ್ಯಕ್ತಿ ಈವರೆಗೆ ಮಾಡಿದ್ದೇನು ಎಂಬುದು ಬರಲೇಬೇಕಾಗುತ್ತದೆ.

ಸ್ನೇಹಿತರೇ, 2024ರ ಟಿಕೆಟ್ ಹಂಚಿಕೆ ಮುಗಿದಿದೆ. ಆದರೂ ಮಾಡಬಹುದಾದ್ದು ಒಂದಿಷ್ಟಿದೆ. ಅಭ್ಯರ್ಥಿಗಳು ಸಲ್ಲಿಸಿದ ಪ್ರಮಾಣಪತ್ರ ಚುನಾವಣಾ ಆಯೋಗದ ಮೂಲಕ ಸಿಗುತ್ತದೆ. ರೀಲ್ಸ್ ನೋಡುವ ಹತ್ತು ನಿಮಿಷ ಅದಕ್ಕೆ ಕೊಡಿ. ಕರಪತ್ರ ಹಿಡಿದು ಮನೆಗೆ ಬರುವ ಕಾರ್ಯಕರ್ತರನ್ನು ‘ಅಣ್ಣಾ, ನಿಮ್ಮ ಪಕ್ಷ ಇವರನ್ನೇ ಯಾಕೆ ಆರಿಸಿತು?’ ಎಂದು ಕೇಳಿ. ಅವರಿಗೂ ಉತ್ತರ ಗೊತ್ತಿರಲಾರದು. ಅವರೂ ಅದನ್ನು ಮೇಲಿನವರಿಗೆ ಕೇಳುವಂತಾಗಲಿ. ಮುಂದೆ ಜಿಲ್ಲಾ, ತಾಲ್ಲೂಕು ಪಂಚಾಯಿತಿ ಚುನಾವಣೆಗಳು ಬರಲಿವೆ. ಆ ಟಿಕೆಟ್‌ಗಳು ಹಂಚಿಕೆಯಾಗುವ ಮೊದಲೇ ಈ ಪ್ರಶ್ನೆ ಎತ್ತೋಣ.

(ಬಿ.ಇ. ವಿದ್ಯಾರ್ಥಿ, ಮದ್ದೂರು)