ಚಾರಣರು ನೆಲಕ್ಕಿಳಿದಾಗ

ಕಳೆದ ತಿಂಗಳು ನನ್ನ ವಿದ್ಯಾರ್ಥಿಯೊಬ್ಬನು ಬಣ್ಣದ ಕರಪತ್ರವೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟನು. ಏಷ್ಯಾ ಖಂಡದ ರೋಮಾಂಚಕಾರಿ ಸಾಹಸಗಳಿಗೆ ತರುಣರನ್ನು ಆಹ್ವಾನಿಸುವ ಕರಪತ್ರ ಅದು. ಹಿಮಾಲಯದ ಹಿಮದ ಮೇಲೆ ನಡಿಗೆ, ಹೃಷೀಕೇಶದ ಗಂಗೆಯಲ್ಲಿ ರಬ್ಬರಿನ ದೋಣಿ, ಜಾವಾದ ಬೆಂಕಿಬೆಟ್ಟದ ಅಂಚಿನಲ್ಲಿ ಸೂರ್ಯೋದಯ, ಗೋಬಿ ಮರುಭೂಮಿಯಲ್ಲಿ ಒಂಟೆಯ ಸವಾರಿ, ಇಷ್ಟೂ ಒಂದೇ ಹಾಳೆಯಲ್ಲಿ. “ಜೀವನದಲ್ಲಿ ಒಮ್ಮೆಯಾದರೂ ಇಂಥಲ್ಲಿಗೆ ಹೋಗಬೇಕು, ಸರ್” ಎಂದನು. ಹೋಗಬೇಕಾದದ್ದೇ ಎಂದೆ. ಅನಂತರ ಸುಮ್ಮನೆ ಕೇಳಿದೆ: “ಗಡಾಯಿಕಲ್ಲು ಹತ್ತಿದ್ದೀಯೇನಯ್ಯ?” ಮೂರು ಸಲ ಹತ್ತಿದ್ದನಂತೆ. “ಅದರ ನೆತ್ತಿಯಿಂದ ಏನೇನು ಕಾಣುತ್ತದೆ?” ಎಂದಾಗ ಅವನು ಫೋನನ್ನು ತೆಗೆದು ಚಿತ್ರ ತೋರಿಸಿದನು. ಚಿತ್ರದ ತುಂಬ ಅವನೇ ಇದ್ದನು. ಬೆನ್ನ ಹಿಂದೆ ನೀಲಿಯಾಗಿ ಹಬ್ಬಿದ್ದ ಬೆಟ್ಟಸಾಲಿನಲ್ಲಿ ಒಂದರ ಹೆಸರನ್ನೂ ಅವನು ಹೇಳಲಾರದೆ ಹೋದನು.

ಹುಡುಗನು ಜಾಣ; ಹಳಗನ್ನಡವನ್ನು ಅಂಜದೆ ಓದುವವನು. ಆದ್ದರಿಂದ ಅವನನ್ನು ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ. ಇಪ್ಪತ್ತೈದು ವರ್ಷಗಳ ಹಿಂದೆ ನಾನೂ ಅದೇ ಕಲ್ಲನ್ನು ಗೆಳೆಯರೊಡನೆ ಪಂತ ಕಟ್ಟಿ ಹತ್ತಿದವನು. ಕುಡಿಯುವ ನೀರನ್ನು ಒಯ್ಯದೆ, ಯಾರನ್ನೂ ಏನನ್ನೂ ವಿಚಾರಿಸದೆ ಹತ್ತಿ, ಇಳಿಯುವಾಗ ಜಾರಿ ಮೊಣಕಾಲು ಕೆತ್ತಿಸಿಕೊಂಡು ಬಂದೆ. ಆ ದಿನದಿಂದ ನನಗೆ ದಕ್ಕಿದ್ದು ಮೊಣಕಾಲಿನ ಕಲೆಯೊಂದೇ. ನರಸಿಂಹಗಡವೆಂದು ಹೆಸರಾಗಿದ್ದ ಆ ಬಂಡೆಯ ಮೇಲೆ 1794ರಲ್ಲಿ ಟಿಪ್ಪು ಸುಲ್ತಾನನು ಕೋಟೆ ಕಟ್ಟಿಸಿ, ತನ್ನ ತಾಯಿಯ ನೆನಪಿಗಾಗಿ ಜಮಾಲಾಬಾದ್ ಎಂದು ಕರೆದನೆಂಬುದು, ಐದೇ ವರ್ಷಗಳಲ್ಲಿ, 1799ರಲ್ಲಿ, ಅದು ಇಂಗ್ಲಿಷರ ಕೈಸೇರಿತೆಂಬುದು, ಬಂಡೆಯನ್ನೇ ಕಡಿದು ಮಾಡಿದ ಮೆಟ್ಟಿಲುಗಳು 1876 ಎಂಬುದು, ಎಲ್ಲವೂ ನನಗೆ ಆಮೇಲೆ ಪುಸ್ತಕದಿಂದ ತಿಳಿದವು. ಕಾಲಿನಿಂದ ಏನೂ ತಿಳಿಯಲಿಲ್ಲ.

ಈಗ ಇಂಥ ನಡಿಗೆಗೆ ‘ಚಾರಣ’ವೆಂಬ ಹೆಸರು ರೂಢಿಯಾಗಿದೆ. ಶಬ್ದ ಚೆನ್ನಾಗಿದೆ. ಆದರೆ ಪಂಪನ ಆದಿಪುರಾಣವನ್ನು ಪಾಠ ಹೇಳುವ ನನ್ನಂಥವನಿಗೆ ಅದನ್ನು ಕೇಳಿದಾಗಲೆಲ್ಲ ಮುಗುಳುನಗೆ ಬರುತ್ತದೆ. ಜೈನಕಾವ್ಯಗಳಲ್ಲಿ ಚಾರಣರೆಂದರೆ ತಪಸ್ಸಿನ ಬಲದಿಂದ ಆಕಾಶದಲ್ಲಿ ಸಂಚರಿಸುವ ಋಷಿಗಳು. ಅವರಿಗೆ ಕಲ್ಲಿಲ್ಲ, ಮುಳ್ಳಿಲ್ಲ, ಉಂಬಳದ ಕಾಟವಿಲ್ಲ. ಅಂಥವರೂ ಭೋಗಭೂಮಿಯಲ್ಲಿ ಇಳಿದದ್ದು ಅಲ್ಲಿದ್ದ ಇಬ್ಬರೊಡನೆ ಮಾತನಾಡುವುದಕ್ಕಾಗಿ. ನಮ್ಮ ಇಂದಿನ ಚಾರಣಿಗರು ನೆಲದ ಮೇಲೆಯೇ ನಡೆಯುತ್ತಾರೆ. ಆದರೂ ದಾರಿಯಲ್ಲಿ ಯಾರೊಡನೆಯೂ ಮಾತನಾಡದೆ ಹಾದುಹೋಗುತ್ತಾರೆ.

ದೂರದ ನಾಡುಗಳ ಹಂಬಲ ನಮ್ಮವರಿಗೆ ಹೊಸದಲ್ಲ. ನಾನಿರುವ ಪುತ್ತಿಗೆಗೆ ಸಮೀಪದ ಮೂಡುಬಿದಿರೆಯಲ್ಲಿ, 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ಭೈರಾದೇವಿ ಮಂಟಪದ ತಳಪಾದಿಯಲ್ಲಿ ಒಂದು ಜಿರಾಫೆಯನ್ನೂ ಚೀನಾದ ಡ್ರ್ಯಾಗನ್ನನ್ನೂ ಕೆತ್ತಿದ್ದಾರೆ. ಆಫ್ರಿಕದ ಪ್ರಾಣಿ, ಚೀನರ ಕಲ್ಪನೆ, ಎರಡೂ ತುಳುನಾಡಿನ ಕಲ್ಲಿನಲ್ಲಿ! ಕೆತ್ತಿದವನು ಅವನ್ನು ಕಣ್ಣಾರೆ ಕಂಡಿದ್ದನೋ, ಬಂದರಿಗೆ ಬಂದ ವ್ಯಾಪಾರಿಗಳ ಬಾಯಿಂದ ಕೇಳಿದ್ದನೋ, ನಾವರಿಯೆವು. ಯಾರೋ ದೂರ ಹೋಗಿ ಬಂದಿದ್ದರು. ಬಂದವರನ್ನು ಯಾರೋ ಕೂರಿಸಿ, ಏನು ಕಂಡಿರೆಂದು ಕೇಳಿದ್ದರು. ಆ ಜಿರಾಫೆಯ ಮುಂದೆ ನಿಂತಾಗ ನನಗೆ ಹಾಗೆನಿಸುತ್ತದೆ.

ಹಾಗೆ ಕೇಳುತ್ತ ನಡೆದವನೊಬ್ಬನು ನಮ್ಮ ಸೀಮೆಗೂ ಬಂದಿದ್ದನು. ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ 1614ರಲ್ಲಿ ವೆನಿಸ್ಸಿನಿಂದ ಹೊರಟು ತುರ್ಕರ ನಾಡನ್ನೂ ಪರ್ಷಿಯವನ್ನೂ ದಾಟಿ, 1623ರಲ್ಲಿ ಗೋವೆಯಿಂದ ಹೊನ್ನಾವರಕ್ಕೂ, ಅಲ್ಲಿಂದ ಗೇರುಸೊಪ್ಪೆಯ ಘಟ್ಟವನ್ನೇರಿ ಇಕ್ಕೇರಿಗೂ ಬಂದನು. ಪರ್ಷಿಯದಲ್ಲಿ ತೀರಿಕೊಂಡ ಹೆಂಡತಿಯ ದೇಹವನ್ನು ಪೆಟ್ಟಿಗೆಯಲ್ಲಿಟ್ಟು ರೋಮಿನವರೆಗೂ ಜೊತೆಯಲ್ಲೇ ಒಯ್ದವನು ಅವನು. ಸಾಹಸವೆಂದರೆ ಇದಕ್ಕಿಂತ ಹೆಚ್ಚಿನದು ಬೇಕೆ? ಆದರೆ ಅವನ ಪತ್ರಗಳಲ್ಲಿ ನಾನು ಮತ್ತೆ ಮತ್ತೆ ತೆರೆದು ನೋಡುವುದು ಒಂದು ಸಣ್ಣ ಪ್ರಸಂಗವನ್ನು. ಘಟ್ಟದ ದಾರಿಯಲ್ಲಿ ಗುಡಿಯೊಂದರ ಜಗಲಿಯ ಮೇಲೆ ಕೆಲವು ಹುಡುಗರು ಲೆಕ್ಕ ಕಲಿಯುತ್ತಿದ್ದರು. ನೆಲದ ಮೇಲೆ ನುಣುಪಾದ ಮರಳನ್ನು ಹರವಿ, ರಾಗವಾಗಿ ಹೇಳುತ್ತ, ಬೆರಳಿನಿಂದ ಅಂಕಿಗಳನ್ನು ಬರೆಯುತ್ತಿದ್ದರು. ಇವನು ಅಲ್ಲಿಯೇ ನಿಂತನು. ಉಪಾಧ್ಯಾಯರಿಲ್ಲದಿರುವಾಗ ಮರೆತುಹೋದರೆ ಯಾರು ತಿದ್ದುತ್ತಾರೆ ಎಂದು ಹುಡುಗರನ್ನೇ ಕೇಳಿ, ಅವರ ಉತ್ತರವನ್ನು ಬರೆದಿಟ್ಟನು. ನಾಲ್ಕು ನೂರು ವರ್ಷಗಳ ಹಿಂದಿನ ನಮ್ಮ ಕೂಲಿಮಠದ ಪಾಠವನ್ನು ಇಂದು ಕಣ್ಣ ಮುಂದೆ ತಂದುಕೊಳ್ಳಲು ನಾವು ಆ ಪರದೇಶಿಯ ಪತ್ರಕ್ಕೆ ಋಣಿಗಳಾಗಿದ್ದೇವೆ.

ಅದೇ ವರ್ಷದ ಕೊನೆಯಲ್ಲಿ ಅವನು ಮಂಗಳೂರಿನಿಂದ ಮಣೇಲಿಗೆ ಹೋಗಿ ಉಳ್ಳಾಲದ ರಾಣಿಯನ್ನು ಕಂಡನು. ಪುತ್ತಿಗೆಯಿಂದಲೂ ಆಳಿದ ಚೌಟ ಅರಸುಮನೆತನಕ್ಕೆ ಸೇರಿದವಳು ಆಕೆ. ರಾಣಿಯು ಬರಿಗಾಲಿನಲ್ಲಿ ನಡೆದು, ಗದ್ದೆಗಳ ನೀರಿನ ಕಾಲುವೆಯ ಕೆಲಸ ನೋಡಲು ಹೊರಟಿದ್ದಳು. ಮಾತುಕತೆ ಬೀದಿಯಲ್ಲಿಯೇ ನಡೆಯಿತು. ಪಲ್ಲಕ್ಕಿಯ ರಾಣಿಯನ್ನು ಊಹಿಸಿಕೊಂಡು ಬಂದವನು ಕಾಲುವೆಯ ಕಡೆ ಹೊರಟ ರಾಣಿಯನ್ನು ಕಂಡರೆ, ಅದನ್ನು ಹಾಗೆಯೇ ಬರೆಯುವುದಕ್ಕೂ ಒಂದು ಧೈರ್ಯ ಬೇಕು.

ನಮ್ಮವರಲ್ಲಿ ಈ ಬಗೆಯ ನಡಿಗೆ ಇರಲಿಲ್ಲವೆಂದಲ್ಲ. ವಿ. ಸೀ. ಅವರು ‘ಪಂಪಾಯಾತ್ರೆ’ ಬರೆಯಲು ಸಮುದ್ರ ದಾಟಬೇಕಾಗಿರಲಿಲ್ಲ, ಹಂಪೆ ಸಾಕಾಗಿತ್ತು. ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬಿ. ಜಿ. ಎಲ್. ಸ್ವಾಮಿಯವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ್ದರ ಫಲ ‘ಹಸುರು ಹೊನ್ನು’. 1978ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಆ ಪುಸ್ತಕಕ್ಕೆ ಬಂತು. ಗಿಡಮರಗಳ ಅಧ್ಯಾಪಕರೊಬ್ಬರು ಇಷ್ಟು ಒಳ್ಳೆಯ ಕನ್ನಡ ಬರೆದಿರುವಾಗ, ಕನ್ನಡದ ಅಧ್ಯಾಪಕರಾದ ನಾವು ನಾಲ್ಕು ಗಿಡಗಳ ಹೆಸರನ್ನಾದರೂ ಅರಿತಿದ್ದೇವೆಯೆ? ಈ ಪ್ರಶ್ನೆಯನ್ನು ನಾನು ಮೊದಲು ನನಗೇ ಹಾಕಿಕೊಂಡು ನಾಚಿದ್ದೇನೆ.

ಈಗ ಪ್ರಸ್ತುತಕ್ಕೆ ಬರೋಣ. 2024ರ ಜನವರಿಯ ಕೊನೆಯ ರಜಾದಿನಗಳಲ್ಲಿ ಕುಮಾರಪರ್ವತದ ದಾರಿಯಲ್ಲಿ ಸಾವಿರಾರು ಜನ ಒಮ್ಮೆಗೇ ನೆರೆದ ಚಿತ್ರಗಳನ್ನು ನಾವೆಲ್ಲ ನೋಡಿದೆವು. ಜಾತ್ರೆಯ ನೂಕುನುಗ್ಗಲು ಕಾಡಿನೊಳಗೆ ಹೊಕ್ಕಂತಿತ್ತು. ಆಗ ಸರಕಾರವು ಆನ್‌ಲೈನ್ ನೋಂದಣಿಯ ಏರ್ಪಾಡಿಲ್ಲದ ಚಾರಣಗಳನ್ನು ತಡೆಯಿತು. ಅದೇ ವರ್ಷ ಮತ್ತೆ ತೆರೆಯುವಾಗ ಒಂದು ದಾರಿಗೆ ದಿನಕ್ಕೆ 300 ಮಂದಿಯೆಂಬ ಮಿತಿ ಬಂತು. ಈ ಮಿತಿಯನ್ನು ಆಕ್ಷೇಪಿಸುವವರಿದ್ದಾರೆ. ನಾನು ಅವರ ಜೊತೆಗಿಲ್ಲ. ಸಾವಿರ ಕಾಲುಗಳು ಒಂದೇ ದಿನ ತುಳಿದರೆ ಹುಲ್ಲುಗಾವಲಿನ ಕಾಲುದಾರಿ ಕೊರಕಲಾಗುತ್ತದೆ, ಮಳೆಗಾಲದಲ್ಲಿ ಆ ಕೊರಕಲೇ ಹಳ್ಳವಾಗುತ್ತದೆ, ಮಂಗಟ್ಟೆ ಹಕ್ಕಿ ಆ ಕಡೆ ಸುಳಿಯುವುದಿಲ್ಲ. ಕುದುರೆಮುಖದಂಥ ಸ್ಥಳವನ್ನು 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಕಾಯ್ದಿರಿಸಿದ್ದು ಜನ ಸಂತೆ ನೆರೆಯಲಿ ಎಂದಲ್ಲ.

ಆದರೆ ಒಂದು ಮಾತನ್ನು ಸಂಬಂಧಪಟ್ಟವರ ಮುಂದಿಡಬೇಕು. ರಜಾದಿನದ ಮುನ್ನೂರು ಸ್ಥಾನಗಳನ್ನು ಮೊದಲು ಕೈಚಾಚಿದವರು ಪಡೆಯುವುದು ಸಹಜ. ಘಟ್ಟದ ಬುಡದಲ್ಲಿಯೇ ಹುಟ್ಟಿ ಬೆಳೆದ ಮಕ್ಕಳು ಆ ಸಾಲಿನಲ್ಲಿ ಹಿಂದೆ ಬಿದ್ದರೆ, ಅವರಿಗೆ ತಮ್ಮ ಬೆಟ್ಟವೂ ಜಾವಾದ ಬೆಂಕಿಬೆಟ್ಟದಷ್ಟೇ ದೂರವಾದೀತು. ವಾರದ ನಡುವಿನ ದಿನಗಳಲ್ಲಿ ಕೆಲವನ್ನು ಸುತ್ತಲಿನ ಶಾಲೆ ಕಾಲೇಜುಗಳಿಗೆ ಮೀಸಲಿಡಲಿ. ಶುಲ್ಕವನ್ನು ಇಳಿಸಲಿ. ಜೊತೆಗೆ ಬರುವ ಮಾರ್ಗದರ್ಶಕನು ದಾರಿಯನ್ನು ಮಾತ್ರವಲ್ಲದೆ ಮರದ ಹೆಸರನ್ನೂ ಬಲ್ಲ ಸ್ಥಳೀಯನಾಗಿರಲಿ. ಕಾಲೇಜುಗಳವರೂ ಮೂವತ್ತಕ್ಕಿಂತ ಹೆಚ್ಚು ವಿದ್ಯಾರ್ಥಿಗಳನ್ನು ಒಮ್ಮೆಗೆ ಒಯ್ಯಬಾರದು. ಮಳೆಯಲ್ಲಿ ಬಂಡೆ ಹತ್ತಿಸುವ ಶೌರ್ಯವನ್ನೂ ತೋರಬಾರದು. ಇನ್ನು, ಹೋಗಿ ಬಂದ ಮೇಲೆ ಎರಡು ಪುಟ ಕನ್ನಡದಲ್ಲಿ ಬರೆಯಿಸುವುದು ನಮ್ಮ ಪಾಲಿನ ಕೆಲಸ. ಅದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಕರಪತ್ರವನ್ನು ನಾನು ಹುಡುಗನಿಗೆ ಹಿಂದಿರುಗಿಸಿದೆ, ಹರಿಯಲಿಲ್ಲ. ಅವನು ಹಿಮಾಲಯಕ್ಕೆ ಹೋಗಲಿ, ಗೋಬಿಗೂ ಹೋಗಲಿ. ಅದಕ್ಕಿಂತ ಮೊದಲು, ಮಳೆ ಪೂರ್ತಿ ಹಿಂದೆಗೆದು ಬಂಡೆ ಒಣಗಿದ ಮೇಲೆ, ನಾವು ಇಪ್ಪತ್ತೆಂಟು ಮಂದಿ ಗಡಾಯಿಕಲ್ಲಿಗೆ ಹೊರಡುವವರಿದ್ದೇವೆ. ನಾಲ್ಕನೆಯ ಸಲ ಹತ್ತುವ ಅವನಿಗೆ ಒಂದು ಕೆಲಸ ವಹಿಸಿದ್ದೇನೆ. ಬಂಡೆಯ ಬುಡದ ಊರಿನಲ್ಲಿ ದಾರಿ ಕೇಳುವ ನೆವದಿಂದ ಯಾರಾದರೂ ಹಿರಿಯರನ್ನು ಮಾತನಾಡಿಸಿ, ಮೇಲಿನಿಂದ ಕಾಣುವ ಒಂದೊಂದು ಬೆಟ್ಟಕ್ಕೂ ತುಳುವಿನಲ್ಲಿ ಏನೆನ್ನುತ್ತಾರೆಂದು ಬರೆದುಕೊಳ್ಳಬೇಕು. ಮೊನ್ನೆ ತರಗತಿ ಮುಗಿದ ಮೇಲೆ ಬಂದು, “ಬಾಯಿಗೆ ಬಂದಂತೆಯೇ ಕನ್ನಡ ಲಿಪಿಯಲ್ಲಿ ಬರೆಯಬಹುದೇ, ಸರ್?” ಎಂದು ವಿಚಾರಿಸಿದನು. ಕೈಯಲ್ಲಿ ಹೊಸ ನೋಟುಬುಕ್ಕಿತ್ತು.